ಮಾವನ ಜಾಗದಲ್ಲಿ ಅಳಿಯ

"ನಾನಿರೋ ಮನೇಲಿ ಒಂದು ಫೋಟೋ ಸ್ಕ್ಯಾನ್ ಮಾಡಿಸೋಕೆ ಅಂಗಡಿಗೆ ಹೋಗ್ಬೇಕಾ? ಅಲ್ಲಿಗೆ ನನ್ನ ಮಾನ ಹೋಯ್ತು ಅಂತಲೇ ಲೆಕ್ಕ. ನಾನೇ ಮಾಡ್ತೀನಿ. ಈ ಬೀದಿಯೋರೆಲ್ಲ ನಿಂತು ನೋಡ್ಬೇಕು, ಹಾಗೆ ಮಾಡ್ತೀನಿ."

ಹೀಗೆಂದು ರಾಂಗೆಲ್ ಮೇಷ್ಟ್ರು ಚಮಚದಿಂದ ಮೇಜು ಕುಟ್ಟಿದರು. ಹುರುಳಿಕಾಯಿ ಸೂಪು ಬಟ್ಟಲಿನಲ್ಲೇ ಬೆಚ್ಚಿ ತುಳುಕಿತು. ಬೀದಿಯವರೆಲ್ಲ ನಿಂತು ನೋಡಿದ್ದಂತೂ ನಿಜ. ಆ ಒಂದು ವಿಷಯದಲ್ಲಿ ಮೇಷ್ಟ್ರು ಆಡಿದ ಮಾತಿಗೆ ತಪ್ಪಿದವರಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಲೋವೆಚ್ ಊರಿನಲ್ಲಿ ಕಾರು ಓಡಿಸಲು ಕಲಿಸುತ್ತಿದ್ದವರು. ಊರಿನ ಅರ್ಧ ಜನ ಅವರ ಪಕ್ಕದಲ್ಲಿ ಕೂತು, ಅವರ ಬೈಗುಳ ತಿಂದು, ಲೈಸೆನ್ಸ್ ಪಡೆದವರೇ. ಉಳಿದರ್ಧ ಜನ ಅವರ ಬೈಗುಳಕ್ಕೆ ಹೆದರಿ ಬಸ್ಸಿನಲ್ಲಿ ಓಡಾಡುವವರು. ನಿವೃತ್ತಿಯಾದ ಮೇಲೆ ಬೈಯಲು ಜನ ಸಿಗದೆ, ಮೇಷ್ಟ್ರು ಒಂದು ಹಳೆಯ ಕಂಪ್ಯೂಟರನ್ನೂ ಒಂದು ಸ್ಕ್ಯಾನರನ್ನೂ ತಂದು ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದರು.

ಈಗ ಸ್ಕ್ಯಾನ್ ಆಗಬೇಕಾಗಿದ್ದುದು ಮಾವನವರ ಫೋಟೋ. ದೋಬ್ರಿ ತಾತ ತೀರಿಕೊಂಡು ಶನಿವಾರಕ್ಕೆ ವರ್ಷ ತುಂಬುತ್ತಿತ್ತು. ಸತ್ತ ದಿನ, ನಲವತ್ತನೆಯ ದಿನ, ವರ್ಷದ ದಿನ, ಹೀಗೆ ಸತ್ತವರ ಮುಖ ಅಚ್ಚು ಹಾಕಿಸಿ, ಕೆಳಗೆ ನಾಲ್ಕು ಮಾತು ಬರೆಸಿ, ಆ ನೆನಪಿನ ಹಾಳೆಯನ್ನು ಕಟ್ಟಡದ ಬಾಗಿಲಿಗೆ, ಎದುರಿನ ಲಿಂಡನ್ ಮರಕ್ಕೆ, ಬಸ್ ನಿಲ್ದಾಣಕ್ಕೆ, ಪಿಂಚಣಿದಾರರ ಕ್ಲಬ್ಬಿನ ಗೋಡೆಗೆ ಅಂಟಿಸದೆ ಬಿಟ್ಟ ಮನೆ ಊರಿನಲ್ಲೇ ಇಲ್ಲ. ದಾರಿಹೋಕರು ನಿಲ್ಲುತ್ತಾರೆ, ಓದುತ್ತಾರೆ, "ದೇವರು ಕ್ಷಮಿಸಲಿ" ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ.

ಹೋದ ವರ್ಷ ಸಾವಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಗುರುತಿನ ಚೀಟಿಯ ಫೋಟೋ. ಅದರಲ್ಲಿ ದೋಬ್ರಿ ತಾತ, ಪಾಪ, ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತಿದ್ದರು. ಅತ್ತೆ ನೆದಾ ಅಜ್ಜಿಗೆ ಅದು ಮುಳ್ಳಿನ ಹಾಗೆ ಚುಚ್ಚಿತ್ತು. ಕಟ್ಟಡದ ಬಾಗಿಲಿನ ಆ ಹಾಳೆ ಬಿಸಿಲಿಗೆ ಮಾಸಿದ ಮೇಲೂ ಆಕೆ ತಲೆ ತಗ್ಗಿಸಿಕೊಂಡೇ ಒಳಗೆ ಹೊರಗೆ ಓಡಾಡಿದರು. ಅಂಥ ನಗುಮುಖದ ಗಂಡಸು ಊರಿನವರ ಕಣ್ಣಿನಲ್ಲಿ ಕೊನೆಗೆ ಹೀಗೆ ಉಳಿದುಬಿಟ್ಟರಲ್ಲ ಎಂಬ ಸಂಕಟ.

ಈ ಸಲ ಹಾಗಾಗಬಾರದು. ಒಂದು ಒಳ್ಳೆಯ ಫೋಟೋ ಇತ್ತು. ದ್ರಾಕ್ಷಿ ತೋಟದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು, ಫೋಟೋ ತೆಗೆಯುತ್ತಿದ್ದ ನೆದಾ ಅಜ್ಜಿಯನ್ನೇ ನೋಡಿ ದೋಬ್ರಿ ತಾತ ಹಲ್ಲು ಬಿಟ್ಟು ನಕ್ಕದ್ದು. ಇದ್ದದ್ದು ಅದೊಂದೇ ಪ್ರತಿ.

"ಇದು ಹೊಸ್ತಿಲು ದಾಟಲ್ಲ," ಎಂದಿದ್ದರು ಅಜ್ಜಿ. "ಅಂಗಡಿಯೋರು ಕಳೆದುಹಾಕಿದ್ರೆ ಇನ್ನೊಂದು ಸಲ ನಗೋಕೆ ಅವರೇನು ಎದ್ದು ಬರ್ತಾರಾ?"

ಆದ್ದರಿಂದ ಮೇಷ್ಟ್ರ ಪ್ರತಿಜ್ಞೆ. ಮನೆಯಲ್ಲೇ ಸ್ಕ್ಯಾನ್ ಮಾಡಿ, ಅಜ್ಜಿ ಹೇಳಿ ಬರೆಸುವ ನಾಲ್ಕು ಸಾಲನ್ನೂ ಸೇರಿಸಿ, ಗುರುವಾರ ಸಂಜೆಯೊಳಗೆ ಅಚ್ಚಿನ ಅಂಗಡಿಗೆ ಮಿಂಚಂಚೆಯಲ್ಲಿ ಕಳಿಸುವುದು. ಅಚ್ಚು ಹಾಕಿ ಶುಕ್ರವಾರ ಬೆಳಗ್ಗೆ ಊರಲ್ಲಿ ಅಂಟಿಸುವುದು ಅಂಗಡಿಯವರ ಪಾಡು.

ಗುರುವಾರ ತಿಂಡಿ ಮುಗಿಸಿ ಮೇಷ್ಟ್ರು ಯುದ್ಧಕ್ಕೆ ಹೊರಟವರ ಹಾಗೆ ತೋಳು ಮಡಚಿ ಕೂತರು. ಅತ್ತೆ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದರು. ಸ್ಕ್ಯಾನರು ಗುರ್ ಎಂದಿತು, ಬೆಳಕು ಆಚೆಯಿಂದೀಚೆಗೆ ಹರಿಯಿತು. ಹೆಸರು ಕೇಳಿತು. ಮೇಷ್ಟ್ರು "ಮಾವ" ಎಂದು ಒತ್ತಿದರು. ಕೆಲಸ ಮುಗಿಯಿತೆಂದು ಸ್ಕ್ಯಾನರು ಸಾರಿತು. ಮೇಷ್ಟ್ರು ಪರದೆಯ ಮೇಲೆ ತೆರೆದಿಟ್ಟಿದ್ದ ಫೋಲ್ಡರಿನ ಕಡೆಗೆ ಗತ್ತಿನಿಂದ ತಿರುಗಿದರು.

ಫೋಲ್ಡರು ಖಾಲಿ.

"ಎಲ್ಲಿ?" ಎಂದರು ಅತ್ತೆ.

"ಬರ್ತಾರೆ. ಮೂರನೇ ಮಹಡಿಗೆ ಲಿಫ್ಟ್ ಬರೋಕೂ ಸ್ವಲ್ಪ ಹೊತ್ತು ಬೇಕಲ್ವಾ ಅತ್ತೆ."

ಲಿಫ್ಟು ಎಷ್ಟೋ ಸಲ ಬಂದು ಹೋಯಿತು, ಮಾವನವರು ಬರಲಿಲ್ಲ. ಅತ್ತೆ ತಮ್ಮ ಫೋಟೋವನ್ನು ಎದೆಗವಚಿಕೊಂಡು ಒಳಗೆ ಹೋದರು. ಮೇಷ್ಟ್ರು ಮೌಸನ್ನು ಮೇಜಿಗೆ ಬಡಿದರು. ತಂತಿ ಕಿತ್ತು ಊದಿ ಮತ್ತೆ ಸಿಕ್ಕಿಸಿದರು. ಕಂಪ್ಯೂಟರಿನ ಹಿಂದಿನ ಫ್ಯಾನಿಗೆ ಕಾರಿನ ಬ್ರಶ್ಶು ಹಾಕಿ ಧೂಳು ತೆಗೆದರು. ಆ ಧೂಳಿಗೆ ತಾವೇ ಸೀನಿ ಸೀನಿ ಕಣ್ಣು ಕೆಂಪಗೆ ಮಾಡಿಕೊಂಡರು. ಫೋಲ್ಡರು ಮಾತ್ರ ತಪಸ್ಸಿಗೆ ಕೂತ ಋಷಿಯ ಹಾಗೆ ನಿಶ್ಚಲವಾಗಿತ್ತು. ಆಮೇಲೆ ಮೇಷ್ಟ್ರು ಇಡೀ ಊರಿಗೇ ಗುರುತಿದ್ದ ತಮ್ಮ ಕೊನೆಯ ಅಸ್ತ್ರ ತೆಗೆದರು. ಬೈದರು.

ಆ ಗದ್ದಲಕ್ಕೆ ಹೆಂಡತಿ ಪೆಂಕಾ ಅಡುಗೆಮನೆಯಿಂದ ಬಂದಳು. ಅವಳು ಹಲ್ಲಿನ ಡಾಕ್ಟರ ಬಳಿ ಸ್ವಾಗತದ ಮೇಜಿನಲ್ಲಿ ಕೂತು ಕಂಪ್ಯೂಟರಿನಲ್ಲೇ ದಿನ ಕಳೆಯುವವಳು. ಇವತ್ತು ನಾಡಿದ್ದಿನ ಅಡುಗೆಗೆಂದು ರಜೆ ಹಾಕಿದ್ದಳು.

"ಏನಾಯ್ತು ಮಾರಾಯ?"

"ಸ್ಕ್ಯಾನರ್ ಕೆಟ್ಟಿದೆ. ಇಲ್ಲಾ ಫೋಲ್ಡರ್ ಕೆಟ್ಟಿದೆ. ಇಲ್ಲಾ ನಿಮ್ಮಪ್ಪ ಬದುಕಿದ್ದಾಗ ಹೇಗೋ ಹಾಗೇ ಈಗ್ಲೂ ಕರೆದಾಗ ಬರ್ತಿಲ್ಲ."

"ಫೈಲ್ ಒಳಗಡೆ ಬಂದಿರುತ್ತೆ. ಪರದೆ ಮೇಲಿನ ಈ ಫೋಲ್ಡರ್ ಕಿಟಕಿಗೆ ಅದು ಗೊತ್ತಾಗಿಲ್ಲ ಅಷ್ಟೆ. ಎಫ್-ಐದು ಒತ್ತು, ಹೊಸದಾಗಿ ನೋಡಿ ತೋರಿಸುತ್ತೆ."

"ಯಾಕೆ ಒತ್ಬೇಕು? ಬಂದಿದ್ರೆ ಅದೇ ತೋರಿಸ್ಬೇಕು. ಮನೆಗೆ ನೆಂಟರು ಬಂದ್ರೆ ನೀನೇ ಕಣ್ಣು ಬಿಟ್ಟು ನೋಡ್ತೀಯೋ, ಇಲ್ಲಾ ನಾನು ಬಂದು ನಿನ್ನ ತಲೆ ಮೇಲೆ ಒತ್ಬೇಕೋ?"

"ಅದು ಬಂದ ನೆಂಟರು ಯಾರು ಅನ್ನೋದರ ಮೇಲಿದೆ," ಎಂದಳು ಪೆಂಕಾ. ಬಗ್ಗಿ ಬೆರಳಿನಿಂದ ಆ ಕೀ ಒತ್ತಿದಳು.

ಟೋಪಿ ಹಾಕಿಕೊಂಡ ದೋಬ್ರಿ ತಾತ ಪುಟ್ಟ ಚಿತ್ರವಾಗಿ ಪರದೆಯ ಮೇಲೆ ನಗುತ್ತ ಕೂತಿದ್ದರು. ಹೆಸರು "ಮಾವ".

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಇನ್ನೊಬ್ಬ ಮನುಷ್ಯನಾಗಿದ್ದರೆ ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಿ, ಫೋಟೋ ಕಳಿಸಿ, ಒಂದು ಲೋಟ ಹಣ್ಣಿನ ಸಾರಾಯಿ ರಕಿಯಾ ಬಗ್ಗಿಸಿಕೊಂಡು ಕೂರುತ್ತಿದ್ದ. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಅದು ಬರೋ ಹೊತ್ತಾಗಿತ್ತು, ಬಂತು," ಎಂದರು ಮೇಷ್ಟ್ರು. "ನೀನು ಒತ್ತಿದ್ದಕ್ಕಲ್ಲ."

"ಸರಿ, ನಾನು ಒತ್ತಿದ್ದಕ್ಕಲ್ಲ. ಈಗ ಕಳಿಸು."

"ಕಳಿಸ್ತೀನಿ. ಮೊದಲು ಈ ಕಿಟಕಿಗೆ ಬುದ್ಧಿ ಕಲಿಸ್ತೀನಿ. ಯಾರೂ ಏನೂ ಒತ್ತದೆ ತಾನಾಗೇ ತೋರಿಸ್ಬೇಕು. ನನ್ನ ಕಾರಲ್ಲಿ ಕೂತೋರು ಹೇಳದೆ ಕನ್ನಡಿ ನೋಡೋದು ಕಲಿತಿದಾರೆ. ಇದು ಯಾವ ಗಿಡದ ತೊಪ್ಪಲು?"

ಪೆಂಕಾ ಅಡುಗೆಮನೆಗೆ ಹೋಗಿ ಸೌತೆಕಾಯಿ ಕೊಚ್ಚತೊಡಗಿದಳು. ಕೊಚ್ಚುವ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಅಲ್ಲಿಂದ ಮೇಷ್ಟ್ರು ಅಂತರ್ಜಾಲಕ್ಕೆ ಇಳಿದರು. ಇದೇ ರೋಗದ ಕಂಪ್ಯೂಟರುಗಳನ್ನು ಇಟ್ಟುಕೊಂಡ ದುಃಖಿಗಳು ಜಗತ್ತಿನ ತುಂಬ ಇದ್ದರು. ಒಬ್ಬ ಆ ಗುರುತು ಹಾಕು ಎನ್ನುತ್ತಾನೆ, ಇನ್ನೊಬ್ಬ ಅದೇ ಗುರುತು ತೆಗೆ ಎನ್ನುತ್ತಾನೆ. ಮೂರನೆಯವನು ಇಬ್ಬರನ್ನೂ ಬೈಯುತ್ತಾನೆ. ಮೇಷ್ಟ್ರು ಮೂವರ ಮಾತನ್ನೂ ಕೇಳಿದರು. ಗುರುತು ಹಾಕಿದರು, ತೆಗೆದರು, ಪುಟ್ಟ ಚಿತ್ರಗಳನ್ನು ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು, ಯಂತ್ರವನ್ನು ಆರಿಸಿ ಹೊತ್ತಿಸಿದರು. ಮಧ್ಯಾಹ್ನದ ಊಟವನ್ನು ತಟ್ಟೆಯಲ್ಲಿ ತಂದಿಟ್ಟರೆ ಕೀಲಿಮಣೆಯ ಮೇಲೆ ಮೊಸರು ಚೆಲ್ಲಿದರು. ಅದಕ್ಕೂ ಆ ಕಿಟಕಿಯನ್ನೇ ಬೈದರು.

ಕೊನೆಗೆ ಪರೀಕ್ಷೆಯ ಗಳಿಗೆ ಬಂತು. ಕಿಟಕಿ ರಿಪೇರಿಯಾಗಿದೆಯೋ ಇಲ್ಲವೋ ತಿಳಿಯಲು ಇನ್ನೊಂದು ಫೋಟೋ ಸ್ಕ್ಯಾನ್ ಮಾಡಬೇಕು. ಅತ್ತೆ ಮಲಗಿದ್ದರು. ಕೈಗೆ ಸಿಕ್ಕಿದ್ದು ಮೇಜಿನ ಡ್ರಾಯರಿನಲ್ಲಿದ್ದ ಮೇಷ್ಟ್ರದೇ ಹಳೆಯ ಫೋಟೋ, ಕಾರು ಕಲಿಸುವವರ ಬಿಲ್ಲೆಗೆಂದು ತೆಗೆಸಿದ್ದು. ಕಪ್ಪು ಮೀಸೆ, ಬಿಗಿದ ಹುಬ್ಬು. ಅದನ್ನೇ ಗಾಜಿನ ಮೇಲೆ ಹಾಕಿ ಒತ್ತಿದರು. ಸ್ಕ್ಯಾನರು ಗುರ್ ಎಂದಿತು. ಹೆಸರಿನ ಜಾಗದಲ್ಲಿ ಬೆಳಗಿನ "ಮಾವ" ಇನ್ನೂ ಹಾಗೇ ಇತ್ತು. ಮೇಷ್ಟ್ರು ಅತ್ತ ನೋಡಲಿಲ್ಲ. ಆಗ ಒಂದು ಪ್ರಶ್ನೆ ಎದ್ದಿತು: "ಈ ಹೆಸರಿನ ಫೈಲ್ ಈಗಾಗಲೇ ಇದೆ. ಅದನ್ನು ತೆಗೆದು ಇದನ್ನು ಇಡಲೇ?"

ಯಂತ್ರಗಳು ಏನಾದರೂ ಕೇಳಿದರೆ ಮೇಷ್ಟ್ರು ಓದುವವರಲ್ಲ. ಕೇಳಿದವರಿಗೆ ಸಮಾಧಾನವಾಗಲಿ ಎಂದು "ಹೌದು" ಒತ್ತುವವರು. ಒತ್ತಿದರು.

ಕಿಟಕಿಯ ಕಡೆ ತಿರುಗಿದರು. ಹೊಸ ಚಿತ್ರವೇನೂ ಬಂದಿರಲಿಲ್ಲ. ಟೋಪಿಯ ದೋಬ್ರಿ ತಾತ ಮೊದಲಿನ ಜಾಗದಲ್ಲೇ, ಮೊದಲಿನ ಹಾಗೇ ನಗುತ್ತಿದ್ದರು.

"ಹಾಳಾಗಿ ಹೋಗು," ಎಂದರು ಮೇಷ್ಟ್ರು. ಬೆಳಗಿನಿಂದ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಸಂಜೆಯೂ ಆಗುತ್ತ ಬಂದಿತ್ತು.

ಪೆಂಕಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕಳಿಸಿದ್ಯಾ?"

"ಈಗ ಕಳಿಸ್ತಿದೀನಿ."

"ಕಳಿಸೋ ಮೊದಲು ಒಂದ್ಸಲ ಎಫ್-ಐದು ಒತ್ತು. ಬೆಳಗಿಂದ ಏನೇನು ತಿರುವಿದ್ದೀಯೋ."

"ಒತ್ತಲ್ಲ."

"ಹೋಗ್ಲಿ, ಫೈಲ್ ತೆಗೆದಾದ್ರೂ ನೋಡು."

"ತೆಗೆದು ನೋಡೋದೇನಿದೆ? ಎದುರಿಗೇ ಕೂತು ನನ್ನ ನೋಡಿ ನಗ್ತಿದಾರೆ ನಿಮ್ಮಪ್ಪ. ನಾನು ಕುರುಡನಾ?"

ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತೆ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಮೇಷ್ಟ್ರು "ಮಾವ" ಎಂಬ ಫೈಲನ್ನೂ ಅತ್ತೆ ಹೇಳಿ ಬರೆಸಿದ್ದ ಸಾಲುಗಳನ್ನೂ ಅಂಗಡಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅಂಗಡಿಯ ಇಸ್ಕ್ರಾ ಎಂಬಾಕೆಯ ಫೋನು ಬಂತು.

"ಸಾರ್, ಫೋಟೋ ಬಂತು. ಚೆನ್ನಾಗೇ ಇದೆ. ಆದ್ರೆ ಮುಖ ಸ್ವಲ್ಪ ಗಡುಸಾಗಿದೆ."

"ಗಡುಸಾ? ನಗ್ತಿದಾರಲ್ಲಮ್ಮ."

"ನಗ್ತಿಲ್ಲ ಸಾರ್. ಯಾರಿಗೋ ಬೈಯೋಕೆ ಬಾಯಿ ತೆಗೆಯೋ ಹಾಗಿದೆ."

"ಬೆಳಕು ಕಮ್ಮಿಯಾಗಿರುತ್ತೆ. ಜಾಸ್ತಿ ಮಾಡಿ."

"ಮಾಡ್ದೆ ಸಾರ್. ಇನ್ನೂ ಸಿಟ್ಟಾದ್ರು."

"ಹಾಗಿದ್ರೆ ಅದು ಟೋಪಿಯ ನೆರಳು."

"ಟೋಪಿ ಎಲ್ಲಿದೆ ಸಾರ್? ನಂಗೆ ಕಾಣ್ತಿಲ್ಲ."

ಮೇಷ್ಟ್ರು ಪರದೆ ನೋಡಿದರು. ಟೋಪಿ ಕಣ್ಣೆದುರಿಗೇ ಇತ್ತು. ಟೋಪಿಯ ಹುಲ್ಲಿನ ಎಳೆ ಕೂಡ ಲೆಕ್ಕ ಹಾಕಬಹುದಿತ್ತು. "ನೋಡಮ್ಮ, ನಿಮ್ಮ ಪರದೆ ರಿಪೇರಿ ಮಾಡಿಸಿಕೊಳ್ಳಿ. ಇಲ್ಲಾ ಕಣ್ಣು ತೋರಿಸಿಕೊಳ್ಳಿ. ಬಂದದ್ದು ಬಂದ ಹಾಗೇ ಅಚ್ಚು ಹಾಕಿ."

"ನಿಮ್ಮಿಷ್ಟ ಸಾರ್," ಎಂದು ಆಕೆ ಫೋನಿಟ್ಟಳು. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, "ಈಗಿನ ಕಾಲದೋರಿಗೆ ಕಣ್ಣಿದ್ದೂ ಕಾಣಲ್ಲ," ಎಂದರು.

ಶುಕ್ರವಾರ ಬೆಳಗ್ಗೆ ಮೇಷ್ಟ್ರು ಬಾನಿತ್ಸಾ ತರಲೆಂದು ಕೆಳಗಿಳಿದರು. ಬಿಸಿ ಬಿಸಿ ಚೀಸಿನ ಬಾನಿತ್ಸಾ ತಿನ್ನಿಸಿ ಅತ್ತೆಗೆ ಹಾಳೆ ತೋರಿಸಬೇಕು ಎಂಬ ಲೆಕ್ಕಾಚಾರ. ಕಟ್ಟಡದ ಬಾಗಿಲು ತೆಗೆದು ಹೊರಗೆ ಬಂದು, ಅಂಟು ಇನ್ನೂ ಒಣಗಿರದ ಹಾಳೆಯ ಕಡೆ ಹೆಮ್ಮೆಯಿಂದ ನೋಡಿದರು.

ಹಾಳೆಯೊಳಗಿಂದ ರಾಂಗೆಲ್ ಮೇಷ್ಟ್ರು ಅವರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು.

ಕಪ್ಪು ಅಂಚು. ಮೇಲೆ ಶಿಲುಬೆ. "ನೀವು ನಮ್ಮನ್ನಗಲಿ ಒಂದು ವರ್ಷ." ನಡುವೆ ಕಪ್ಪು ಮೀಸೆ, ಬಿಗಿದ ಹುಬ್ಬು. ಕೆಳಗೆ ದೋಬ್ರಿ ತಾತನ ಹೆಸರು. ಮೇಷ್ಟ್ರಿಗೆ ಒಂದು ಗಳಿಗೆ ತಾವು ಹೋದ ವರ್ಷವೇ ಸತ್ತಿದ್ದು, ಯಾರೂ ಹೇಳಿರಲಿಲ್ಲವೇನೋ ಅನ್ನಿಸಿಬಿಟ್ಟಿತು. ಆಮೇಲೆ ನಿಧಾನವಾಗಿ ಬುದ್ಧಿ ಬಂತು. ನಿನ್ನೆ ಆ ಫೈಲಿನೊಳಗೆ ಮಾವನವರು ಇರಲೇ ಇಲ್ಲ. "ಹೌದು" ಎಂದು ಒತ್ತಿದ ಗಳಿಗೆಯಲ್ಲೇ ಅಳಿಯ ಮಾವನನ್ನು ಎಬ್ಬಿಸಿ ಆ ಜಾಗದಲ್ಲಿ ಕೂತಿದ್ದ. ಆ ದರಿದ್ರ ಕಿಟಕಿ ಹೊಸದಾಗಿ ನೋಡದೆ ಹಳೆಯ ಮುಖವನ್ನೇ ತೋರಿಸುತ್ತ ಕೂತಿತ್ತು. ಒಂದು ಕೀ ಒತ್ತಿದ್ದರೆ ಸಾಕಿತ್ತು.

ಮೇಷ್ಟ್ರಿಗೆ ತಕ್ಷಣ ಹೊಳೆದದ್ದು ಒಂದೇ. ಅತ್ತೆ ಕೆಳಗೆ ಬರುವ ಮೊದಲು ಎಲ್ಲವನ್ನೂ ಕಿತ್ತು ಹಾಕಬೇಕು. ಬಾಗಿಲಿನದು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಲಿಂಡನ್ ಮರದ ಹತ್ತಿರ ಓಡಿ, ಅಲ್ಲಿನ ಹಾಳೆಯ ಮೂಲೆಗೆ ಉಗುರು ಹಾಕಿದರು. ಹಿಂದಿನಿಂದ ಬೆನ್ನಿಗೆ ಕೋಲಿನ ತುದಿ ತಾಗಿತು.

ಬಸ್ಸಿಗೆ ಹೊರಟಿದ್ದ ಯಾರೋ ಮುದುಕಿ. ಈ ಬೀದಿಯವರಲ್ಲ. "ಏನೋ ಮಾಡ್ತಿದೀಯ? ಸತ್ತೋರ ಹಾಳೆ ಕೀಳ್ತಾರಾ? ಗಾಳಿ ಮಳೆ ತಾನಾಗಿ ಕಿತ್ಕೊಂಡು ಹೋಗ್ಬೇಕು. ಮನುಷ್ಯನ ಕೈ ತಾಕಬಾರದು. ನಿಮ್ಮಮ್ಮ ನಿಂಗೆ ಇಷ್ಟೂ ಹೇಳ್ಕೊಟ್ಟಿಲ್ವಾ?"

"ಅಜ್ಜಿ, ಇದು ತಪ್ಪಾಗಿ ಅಂಟಿಸಿರೋದು."

"ಸಾವು ಯಾರಿಗೂ ಸರಿಯಾಗಿ ಬರಲ್ಲಪ್ಪ. ಎಲ್ಲರದ್ದೂ ತಪ್ಪಾಗೇ ಬರೋದು."

"ಅಯ್ಯೋ, ಇದು ನಾನು ಅಜ್ಜಿ. ಈ ಫೋಟೋದಲ್ಲಿರೋನು ನಾನೇ."

ಮುದುಕಿ ಫೋಟೋ ನೋಡಿದರು. ಬಾನಿತ್ಸಾಕ್ಕೆ ಹೊರಟಿದ್ದ, ಬಿಳಿ ಮೀಸೆಯ, ಮನೆಯ ಚಪ್ಪಲಿಯ, ಬೆವರಿದ ಮೇಷ್ಟ್ರನ್ನು ನೋಡಿದರು. ಮತ್ತೆ ಫೋಟೋ ನೋಡಿದರು. "ನಾಚಿಕೆ ಆಗ್ಬೇಕು ನಿಂಗೆ," ಎಂದರು. "ಎಂಥ ಗತ್ತಿನ ಗಂಡಸು ಇವನು. ನೀನೆಲ್ಲಿ, ಇವನೆಲ್ಲಿ. ಸತ್ತೋನ ಮೇಲೂ ಹೊಟ್ಟೆಕಿಚ್ಚಾ?"

ಹೀಗೆಂದು ಆಕೆ ಹಾಳೆಯ ಮೂಲೆಯನ್ನು ಅಂಗೈಯಿಂದ ನೇವರಿಸಿ ಮತ್ತೆ ಅಂಟಿಸಿದರು. ಶಿಲುಬೆ ಗುರುತು ಮಾಡಿಕೊಂಡರು. ಬಸ್ಸು ಬರುವ ತನಕ ಕೋಲು ಊರಿಕೊಂಡು ಕಾವಲು ನಿಂತರು.

ಮೇಷ್ಟ್ರು ತಿರುಗಿ ನೋಡಿದರೆ ಕಟ್ಟಡದ ಬಾಗಿಲ ಮುಂದೆ ನೆದಾ ಅಜ್ಜಿ ನಿಂತಿದ್ದರು. ಹಾಳೆಯನ್ನು ತಾವೇ ಮೊದಲು ನೋಡಬೇಕೆಂದು ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡು ಕೆಳಗಿಳಿದು ಬಂದಿದ್ದರು. ಪಕ್ಕದಲ್ಲಿ ಪೆಂಕಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ನಗು ತಡೆಯುತ್ತಿದ್ದಳೋ ಅಳು ತಡೆಯುತ್ತಿದ್ದಳೋ ಹೇಳುವುದು ಕಷ್ಟ.

ಅತ್ತೆ ಕೂಗಾಡಿದ್ದರೆ ಮೇಷ್ಟ್ರು ಗೆದ್ದುಬಿಡುತ್ತಿದ್ದರು. ಕೂಗಾಟ ಅವರ ಊಟ ತಿಂಡಿ. ಅತ್ತೆ ಕೂಗಾಡಲಿಲ್ಲ. ಹಾಳೆಯನ್ನೇ ನೋಡುತ್ತ ಮೆಲ್ಲಗೆ, "ಹೋದ್ಸಲ ಕಳ್ಳನ ಹಾಗಾದ್ರೂ ಕಾಣಿಸಿದ್ರು," ಎಂದರು. "ಈ ಸಲ ಅವರು ಇಲ್ಲವೇ ಇಲ್ಲ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಾರು ಕಲಿಸಿದ ಅಷ್ಟು ವರ್ಷದಲ್ಲಿ, ಮದುವೆಯಾದ ಇಷ್ಟು ವರ್ಷದಲ್ಲಿ ಬಾಯಿಂದ ಬಂದಿರದ ಮಾತು ಆಗ ಬಂತು.

"ತಪ್ಪಾಯ್ತು ಅತ್ತೆ. ಕಿಟಕಿದೂ ಅಲ್ಲ, ಯಂತ್ರದ್ದೂ ಅಲ್ಲ. ನಂದೇ ತಪ್ಪು."

"ಒಂದು ಕೀ," ಎಂದಳು ಪೆಂಕಾ. "ಒಂದೇ ಒಂದು ಕೀ ಒತ್ತೋಕೆ ನಿನ್ನ ಗಂಡಸ್ತನ ಅಡ್ಡ ಬಂತಲ್ಲ ಮಾರಾಯ. ಈಗ ನೋಡು, ಬೀದಿ ತುಂಬಾ ಸತ್ತು ನಿಂತಿದೀಯ."

"ನಾನು ಈಗ್ಲೇ ಮೇಲೆ ಹೋಗಿ ಇನ್ನೊಂದ್ಸಲ ಸ್ಕ್ಯಾನ್..."

"ಬೇಡ," ಎಂದರು ಅತ್ತೆ ಮತ್ತು ಪೆಂಕಾ ಒಟ್ಟಿಗೆ.

ಅತ್ತೆ ಮೇಲೆ ಹೋಗಿ ಫೋಟೋವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು. "ಹೊಸ್ತಿಲು ದಾಟಲ್ಲ ಅಂದಿದ್ದೆ. ಇವತ್ತು ನಾನೇ ಅವರನ್ನ ಕರ್ಕೊಂಡು ಹೋಗ್ತೀನಿ. ನೀನು ಅಂಟಿನ ಬಕೆಟ್ ತಗೊಂಡು ಹಿಂದೆ ಬಾ."

ಅಂಗಡಿಯ ಇಸ್ಕ್ರಾ ಬಾಗಿಲಲ್ಲಿ ಮೇಷ್ಟ್ರನ್ನು ಕಂಡು ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಬಿಟ್ಟಳು.

"ಸಾರ್, ನೀವು..."

"ಇನ್ನೂ ಇದೀನಿ," ಎಂದರು ಮೇಷ್ಟ್ರು. "ನಿಮ್ಮ ಪರದೆ ಚೆನ್ನಾಗಿದೆಯಮ್ಮ. ಕಣ್ಣೂ ಚೆನ್ನಾಗಿದೆ. ನಾನು ಅಂದಿದ್ದು ಮನಸ್ಸಿಗೆ ಹಾಕ್ಕೋಬೇಡಿ."

ಸ್ಕ್ಯಾನ್ ಮುಗಿಯುವ ತನಕ ಅತ್ತೆ ಆ ಯಂತ್ರದ ಮುಚ್ಚಳದ ಮೇಲಿಂದ ಕೈ ತೆಗೆಯಲಿಲ್ಲ. ಮುಗಿದ ಕೂಡಲೇ ಇಸ್ಕ್ರಾ ಕೀ ಒತ್ತಿ, ಫೈಲು ತೆರೆದು, ಪರದೆಯನ್ನೇ ಆಕೆಯ ಕಡೆ ತಿರುಗಿಸಿದಳು. ದೋಬ್ರಿ ತಾತ ಪರದೆಯ ತುಂಬ ನಗುತ್ತಿದ್ದರು. ಇಸ್ಕ್ರಾ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಹಾಳೆಗಳನ್ನು ಅಲ್ಲೇ ತೆಗೆದುಕೊಟ್ಟಳು.

ಹಳೆಯದನ್ನು ಕೀಳುವಂತಿಲ್ಲ. ಆದರೆ ಅದರ ಮೇಲೆ ಇನ್ನೊಂದು ಅಂಟಿಸಬಾರದೆಂದು ಯಾರೂ ಹೇಳಿಲ್ಲವಲ್ಲ. ಬಸ್ ನಿಲ್ದಾಣದಿಂದ ಶುರುವಾಯಿತು. ಮೇಷ್ಟ್ರು ಬಕೆಟ್ ಹಿಡಿದು ನಿಂತರು. ಅತ್ತೆ ಬ್ರಶ್ಶನ್ನು ಅಂಟಿನಲ್ಲಿ ಅದ್ದಿ ಅಳಿಯನ ಮುಖಕ್ಕೆ ಅಡ್ಡಡ್ಡ, ಉದ್ದುದ್ದ ಬಳಿದರು.

"ಅತ್ತೆ, ಅಷ್ಟೊಂದು ಬೇಡ. ಮೂಗಿನ ಹತ್ತಿರ ಸೋರ್ತಿದೆ."

"ಇರ್ಲಿ. ಬಾಯಿ ಹತ್ತಿರ ಇನ್ನಷ್ಟು ಬೇಕು. ಇಲ್ದಿದ್ರೆ ಎದ್ದು ಬಂದು ಏನಾದ್ರೂ ಹೇಳ್ತೀಯ."

ಪೆಂಕಾ ಈಗ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಬಸ್ಸಿಗೆ ಕಾದಿದ್ದವರೂ ಅವಳ ಜೊತೆ ನಕ್ಕರು. ಕ್ಲಬ್ಬಿನ ಗೋಡೆ ಮುಗಿಯಿತು, ಲಿಂಡನ್ ಮರ ಮುಗಿಯಿತು, ಕೊನೆಗೆ ಕಟ್ಟಡದ ಬಾಗಿಲು. ಅಲ್ಲಿ ಅತ್ತೆ ಹಾಳೆಯ ಮೂಲೆಗಳನ್ನು ಬೆರಳಿನಿಂದ ಒತ್ತಿ, ಗಂಡನ ಟೋಪಿಯ ಮೇಲಿದ್ದ ಅಂಟನ್ನು ತಮ್ಮ ತಲೆವಸ್ತ್ರದ ತುದಿಯಿಂದ ಒರೆಸಿದರು. ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಹ್ಞೂಂ," ಎಂದರು. "ಈಗ ಅವರು." ಕಣ್ಣು ಒದ್ದೆಯಾಗಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಆ ಬಾಗಿಲಿನಿಂದ ತಲೆ ಎತ್ತಿಕೊಂಡು ಒಳಗೆ ಹೋದರು. ಮೇಷ್ಟ್ರು ಖಾಲಿ ಬಕೆಟ್ ಹಿಡಿದುಕೊಂಡು ಹಿಂದೆ ಹೋದರು.

ಶನಿವಾರ ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಸಿ ಬಂದು, ಕಟ್ಟಡದ ಮುಂದೆ ಮೇಜು ಹಾಕಿ, ಸಕ್ಕರೆ ಅಕ್ರೋಟು ಹಾಕಿದ ಬೇಯಿಸಿದ ಗೋಧಿಯನ್ನೂ ರೊಟ್ಟಿಯನ್ನೂ ಹಂಚಿದರು. ಹಂಚುವ ಕೆಲಸ ಮೇಷ್ಟ್ರದು. ಕಂಡವರೆಲ್ಲ ಮೊದಲು ಬಾಗಿಲಿನ ಹಾಳೆ ನೋಡುತ್ತಾರೆ, ಆಮೇಲೆ ಮೇಷ್ಟ್ರನ್ನು ನೋಡುತ್ತಾರೆ, ಆಮೇಲೆ ತುಟಿ ಕಚ್ಚಿಕೊಂಡು ಬಟ್ಟಲು ಒಡ್ಡುತ್ತಾರೆ. ಮೇಷ್ಟ್ರು ಎಲ್ಲವನ್ನೂ ಸಹಿಸಿಕೊಂಡರು. ಹಾಗೆ ಬಂದವಳು ಮೇಲಿನ ಮಹಡಿಯ ಯೋರ್ದಾಂಕಾ. ಗಂಡ ಕೂಂಚೊನ ಜೊತೆ ಆ ಕಟ್ಟಡಕ್ಕೆ ಬಂದಾಗಿನಿಂದ ಮೇಷ್ಟ್ರ ನೆರೆಯವಳು.

"ದೇವರು ಕ್ಷಮಿಸಲಿ," ಎಂದು ಗೋಧಿ ತೆಗೆದುಕೊಂಡು ಆಕೆ ಹತ್ತಿರ ಸರಿದಳು. "ರಾಂಗೆಲ್, ನಿನ್ನೆ ಬೆಳಗ್ಗೆ ಬಾಗಿಲಲ್ಲಿ ನಿನ್ನ ಮುಖ ನೋಡಿ ನನ್ನೆದೆ ಧಸಕ್ ಅಂತು ಕಣೋ."

ಎರಡು ದಿನದಲ್ಲಿ ತಮಗಾಗಿ ಯಾರಾದರೂ ಮರುಗಿದ್ದು ಇದೇ ಮೊದಲು. ಮೇಷ್ಟ್ರು ಗೋಧಿಯ ಚಮಚ ಕೆಳಗಿಟ್ಟರು. "ಹೌದಾ ಯೋರ್ದಾಂಕಾ? ಅತ್ತುಬಿಟ್ಟೆಯಾ?"

"ಅಳೋಕೆ ಕರವಸ್ತ್ರ ತೆಗ್ದಿದ್ದೆ. ಮುಖ ನಿಂದು, ಹೆಸರು ದೋಬ್ರಿ ತಾತಂದು. ನಂಗೂ ಕೂಂಚೊಗೂ ಅಲ್ಲೇ ಜಗಳ. ಅವನು ಹೆಸರು ತಪ್ಪಾಗಿದೆ, ಹೋಗಿರೋದು ರಾಂಗೆಲೇ ಅಂದ. ನಾನು ಮುಖ ತಪ್ಪಾಗಿದೆ ಅಂದೆ. ಕೊನೆಗೆ ಕೂಂಚೊ ಕನ್ನಡಕ ಹಾಕ್ಕೊಂಡು ಕೆಳಗಡೆ ನಿಮ್ಮತ್ತೆ ಬರೆಸಿರೋ ಸಾಲು ಓದಿದ. 'ಮನೆಯಲ್ಲಿ ಎಂದೂ ದನಿ ಎತ್ತಿದವರಲ್ಲ. ತಿಳಿಯದ್ದನ್ನು ತಿಳಿದಿದೆ ಎಂದವರಲ್ಲ. ಹೆಂಡತಿ ಹೇಳಿದ ಮಾತಿಗೆ ಕಿವಿಗೊಟ್ಟು ಬಾಳಿದರು.'"

ಯೋರ್ದಾಂಕಾ ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡಳು.

"ಅಷ್ಟು ಓದಿದೋನೇ ಕನ್ನಡಕ ಜೇಬಿಗೆ ಹಾಕ್ಕೊಂಡ. 'ಕರವಸ್ತ್ರ ಒಳಗಿಡು,' ಅಂದ. 'ಸತ್ತಿರೋದು ಯಾರೇ ಆಗ್ಲಿ, ರಾಂಗೆಲ್ ಮಾತ್ರ ಅಲ್ಲ.'"